ಬಾರದವರ ತಟ್ಟೆ

ತೊಂಬತ್ತರ ದಶಕದ ಲಂಡನ್ನಿನ ಗ್ರೀನ್‌ಫರ್ಡ್ ಅಂದರೆ ನನಗೆ ಮೊದಲು ನೆನಪಾಗುವುದು ನಮ್ಮ ಹಿತ್ತಿಲಿನ ಮರದ ಬೇಲಿ. ಗಂಡ ಆಸ್ಪತ್ರೆಯ ಡ್ಯೂಟಿಯಲ್ಲೇ ಮುಳುಗಿರುತ್ತಿದ್ದರು. ನನಗೆ ಮಾತಿಗೆ ಸಿಗುತ್ತಿದ್ದವರು ಇಬ್ಬರೇ: ಧಾರವಾಡದಿಂದ ಬಂದು ನಮ್ಮ ಜೊತೆಗೇ ಉಳಿದಿದ್ದ ಅತ್ತೆ ಮತ್ತು ಬೇಲಿಯಾಚೆಯ ಕಾಂಬೋಡಿಯಾದ ಹೆಂಗಸು. ಆಕೆಗೆ ಗೋದಾಮೊಂದರಲ್ಲಿ ಪ್ಯಾಕಿಂಗ್ ಕೆಲಸ. ಇಲ್ಲಿಂದ ಕೊತ್ತಂಬರಿ ಆಚೆ ಹೋಗುತ್ತಿತ್ತು, ಅಲ್ಲಿಂದ ನಿಂಬೆಹುಲ್ಲು ಈಚೆ ಬರುತ್ತಿತ್ತು. ಅಂಥ ನೆರೆ ನನಗೆ ಮತ್ತೆ ಸಿಗಲಿಲ್ಲ.

ಮನೆಯಲ್ಲಿ ಒಬ್ಬಳೇ ಇದ್ದರೂ ಆಕೆ ದಿನಾ ಸಂಜೆ ಎರಡು ತಟ್ಟೆಗೆ ಬಡಿಸುತ್ತಿದ್ದಳು. ಎರಡನೆಯದು ಅಪ್ಪನದು.

ಅಪ್ಪ ಮೊದಲು ಬೌದ್ಧ ಭಿಕ್ಷು, ಹುಡುಗರಿಗೆ ಪಾಲಿ ಕಲಿಸುತ್ತಿದ್ದವರು. ದೇಶವನ್ನಾಳುತ್ತಿದ್ದ ಫ್ರೆಂಚರ ಮೇಲಿನ ಸಿಟ್ಟಿಗೆ ಕಾವಿ ಬಿಚ್ಚಿಟ್ಟು ಕಾಡು ಸೇರಿದರು. ಖ್ಮೇರ್ ಕಮ್ಯುನಿಸ್ಟ್ ಪಕ್ಷ ಕಟ್ಟಿದ ಮೊದಲಿಗರಲ್ಲಿ ಒಬ್ಬರಾದರು. ಫ್ರೆಂಚರು ಹೋದ ಮೇಲೂ ಪೊಲೀಸರ ಕಣ್ಣು ತಪ್ಪಿಸಿ ಸಂಸಾರದೊಂದಿಗೆ ಮನೆಯಿಂದ ಮನೆಗೆ ಓಡಾಡುತ್ತಿದ್ದರು. ಆಕೆ ಇನ್ನೂ ಸಣ್ಣವಳಿದ್ದಾಗ, ಒಂದು ಸಂಜೆ "ಅನ್ನಕ್ಕಿಡು, ಬಂದೆ" ಎಂದು ಹೆಂಡತಿಗೆ ಹೇಳಿ ಹೋದವರು ಮತ್ತೆ ಬರಲಿಲ್ಲ. ಪೊಲೀಸರು ಹಿಡಿದರೆಂದು ಕೆಲವರು, ಪಕ್ಷದವರೇ ಮುಗಿಸಿದರೆಂದು ಕೆಲವರು ಗುಸುಗುಸು ಅಂದರಂತೆ. ತಾಯಿ ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ದಿನಾ ತಟ್ಟೆ ಇಟ್ಟರು. ಎಷ್ಟೋ ವರ್ಷಗಳ ನಂತರ, ಥಾಯ್ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಸಾಯುವಾಗ, ಮಗಳಿಂದ ಮಾತು ತೆಗೆದುಕೊಂಡರು: ಅಪ್ಪನನ್ನು ಸತ್ತವರ ಜೊತೆ ಸೇರಿಸಬೇಡ.

ಇದನ್ನು ಕೇಳಿದಾಗ ನನಗೆ ಆ ತಾಯಿಯ ಮೇಲೆ ಸಿಟ್ಟೇ ಬಂತು. ಸಾಯುವವರಿಗೇನು, ಮಾತು ತೆಗೆದುಕೊಂಡು ಹೋಗಿಬಿಡುತ್ತಾರೆ. ಹೊರುವವರು ಇರುವವರು ತಾನೆ?

ಕಾಂಬೋಡಿಯಾದವರಲ್ಲೂ ನಮ್ಮ ಪಿತೃಪಕ್ಷದ ಹೊತ್ತಿಗೇ ಹಿರಿಯರಿಗೆ ಅನ್ನದ ಉಂಡೆ ಇಡುತ್ತಾರೆ. ಅದು ಗೊತ್ತಾದದ್ದೇ ತಡ, ಅತ್ತೆಗೆ ಆಕೆ ನಮ್ಮವಳೇ ಆಗಿಬಿಟ್ಟಳು. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಈಸ್ಟ್ ಹ್ಯಾಮ್‌ನಿಂದ ಬಾಳೆಎಲೆ ತರಿಸಿದರು. ತೀರಿಹೋದ ಮಾವನವರ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಕಡುಬು, ವಡೆ, ಕುಂಬಳಕಾಯಿ ಪಲ್ಯ ಎಲ್ಲ ಬಡಿಸಿ, ಆಕೆಯನ್ನು ಕರೆದು ತೋರಿಸಿದರು.

"ತಿಥಿ ಗೊತ್ತಿಲ್ಲದವ್ರಿಗೂ ಇವತ್ತ ಎಡಿ ಮುಟ್ಟತದ. ನಿಮ್ಮಪ್ಪಗೂ ಇಟ್ಟೀನಿ ಅಂತ ಹೇಳವಾ ಆಕಿಗೆ," ಎಂದು ನನಗೆ ಅಪ್ಪಣೆಯಾಯಿತು.

ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆಗೆ ಎಲೆ ನೋಡಿಯೇ ಅರ್ಥವಾಗಿತ್ತು. "ನನ್ನ ಅಪ್ಪ ಸತ್ತಿಲ್ಲ," ಎಂದವಳೇ ಹೊರಟುಹೋದಳು.

ಅತ್ತೆ ಕಕ್ಕಾಬಿಕ್ಕಿ. "ದಿನಾ ತಾಟ ಇಡತಾಳಲ್ಲ, ಸತ್ತವ್ರಿಗಲ್ದ ಮತ್ಯಾರಿಗೆ ಇಡತಾರ?" ಎಂದರು. ಅದುವರೆಗೆ ಹೇಳದೇ ಇದ್ದ, ತಾಯಿ ಮಾತು ತೆಗೆದುಕೊಂಡ ಕಥೆಯನ್ನು ನಾನು ಬಿಡಿಸಿ ಹೇಳಿದ ಮೇಲೆ ಅವರಿಗೆ ಊಟವೇ ಸೇರಲಿಲ್ಲ.

ಆ ಚಳಿಗಾಲವೆಲ್ಲ ನಿಂಬೆಹುಲ್ಲು ಬರಲಿಲ್ಲ. ಕೊನೆಗೆ ಅತ್ತೆಯೇ ಸೋತರು. ಸ್ವೆಟರಿನ ಮೇಲೆ ಶಾಲು ಸುತ್ತಿಕೊಂಡು, ಬಿಸಿ ಅನ್ನ ಸಾರು ಹಿಡಿದು, ಆಕೆಯ ಬಾಗಿಲು ತಟ್ಟಿ ಕನ್ನಡದಲ್ಲೇ "ಅಪ್ಪಾರ ತಾಟಿಗೆ" ಎಂದರು. ಆಕೆ ಅದನ್ನು ತೆಗೆದುಕೊಂಡು ಆ ತಟ್ಟೆಗೇ ಬಡಿಸಿದಳು. ಆಮೇಲೆ ನಮ್ಮಲ್ಲಿ ವಿಶೇಷ ಅಡುಗೆಯಾದಾಗಲೆಲ್ಲ ಅಪ್ಪನ ಪಾಲು ಮೊದಲು ತೆಗೆದಿಡುವುದು ರೂಢಿಯಾಯಿತು. ಬಿಸಿಬೇಳೆಭಾತಿಗೆ ಖಾರ ಹೆಚ್ಚಾದ ದಿನ "ಇದು ಅಪ್ಪಾರಿಗೆ ಸೇರ್ತದೋ ಇಲ್ಲೋ" ಎಂದು ಅತ್ತೆ ನನ್ನನ್ನು ಚುಚ್ಚುತ್ತಿದ್ದರು. ನಾನು ರೇಗುತ್ತಿದ್ದೆ. ಎಷ್ಟು ಒಳ್ಳೆಯ ದಿನಗಳವು!

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಪ್ಯಾರಿಸ್ಸಿನಲ್ಲಿದ್ದ, ಅಪ್ಪನ ಜೊತೆ ಕಾಡಿನಲ್ಲಿದ್ದ ಮುದುಕರೊಬ್ಬರು ಆಕೆಗೆ ಫೋನ್ ಮಾಡಿದರು. ಕಣ್ಣು ಮುಚ್ಚುವ ಮೊದಲು ಹೇಳಿಬಿಡಬೇಕು ಅನ್ನಿಸಿತಂತೆ. ಅಪ್ಪನನ್ನು ಕಾಣೆಯಾದ ವಾರವೇ ಕೊಂದಿದ್ದರು. ಕೊಂದವರು ಪಕ್ಷದವರೇ.

ಆ ವರ್ಷದ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಆಕೆ ತಾನಾಗಿಯೇ ಬಂದಳು. "ಅಮ್ಮನಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಅಪ್ಪ ಇಷ್ಟು ವರ್ಷ ಹಸಿದಿರಬೇಕಲ್ಲ," ಎಂದಳು. ಅತ್ತೆ ಎಲೆ ಹಾಸಿದರು. ಬಡಿಸಿದ್ದು ಆಕೆಯೇ. ಬಡಿಸಿಯಾದ ಮೇಲೆ ಹಿತ್ತಿಲ ಬಾಗಿಲಲ್ಲಿ ನಿಂತು ಹಿರಿಯರನ್ನು ಕರೆಯಬೇಕು. ಆಕೆ ಹಿಂಜರಿದಳು. ಅಪ್ಪನಿಗೆ ಹುಟ್ಟಿದ ಹೆಸರೊಂದು, ಭಿಕ್ಷುವಿನ ಹೆಸರೊಂದು, ಪಕ್ಷದ ಹೆಸರುಗಳು ಬೇರೆ. ಯಾವ ಹೆಸರಿಗೆ ಬಂದಾರು?

ನಾನು ಅದನ್ನು ಅತ್ತೆಗೆ ತಿಳಿಸಿದಾಗ ಅವರು, "ಹೆಸರ್ಯಾಕ ಬೇಕ? ಅಪ್ಪಾ ಅಂತ ಕರಿ ಅನ್ನು. ಮಗಳು ಕರದ್ರ ಬರಲಾರದ ಎಲ್ಲಿ ಹೋಗ್ತಾರ?" ಎಂದರು.

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆಕೆಯ ಮುಖ ಸಣ್ಣ ಮಗುವಿನದಾಯಿತು. ಅಡಗಿದ್ದ ಮನೆಗಳಲ್ಲಿ ಗುಟ್ಟು ಬಯಲಾಗದಿರಲೆಂದು ಅಪ್ಪನನ್ನು ಚಿಕ್ಕಪ್ಪ ಎಂದೇ ಕರೆಯಬೇಕೆಂದು ಕಲಿಸಿದ್ದರಂತೆ. ಅಪ್ಪಾ ಎಂದು ಬಾಯಿಬಿಟ್ಟು ಕರೆದದ್ದೇ ಇಲ್ಲ.

ಆಕೆ ಹೊಸ್ತಿಲಲ್ಲಿ ನಿಂತು, ಯಾರಿಗಾದರೂ ಕೇಳೀತೆಂಬಂತೆ ತನ್ನ ಭಾಷೆಯಲ್ಲಿ ಪಿಸುಗುಟ್ಟಿದಳು.

"ಜೋರಾಗಿ ಕರಿಯವಾ," ಎಂದರು ಅತ್ತೆ. "ಇನ್ನ ಯಾರ ಅಂಜಿಕಿ?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಆಕೆ ಇಡೀ ಬೀದಿಗೆ ಕೇಳುವಂತೆ ಅಪ್ಪನನ್ನು ಕರೆದಳು.