ಆರೋಗ್ಯಮ್ಮನ ರಾಗಿಹೊಲಕ್ಕೆ ನೂರು ವ್ಯಾಟಿನ ಬಲ್ಬು

ಹ್ಯಾಂಡ್‌ಪೋಸ್ಟ್ ಊರಿನ ಎಲೆಕ್ಟ್ರಿಷಿಯನ್ ಶಿವಶಂಕರ ಆವತ್ತು ಚರ್ಚಿನೊಳಗೆ ಕಿರುಚಬಾರದಿತ್ತು. ಕಿರುಚಿಬಿಟ್ಟ.

ಕ್ರಿಸ್‌ಮಸ್ಸಿಗೆ ಇನ್ನೂ ಎರಡು ವಾರವಿತ್ತು. ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿಯೊಂದನ್ನು ಬಲಿಪೀಠದ ಪಕ್ಕ ಕಟ್ಟಿದ್ದರು. ಅದಕ್ಕೆ ಗೋದಲಿ ಎನ್ನುತ್ತಾರೆ. ಅದರ ಸುತ್ತ ಸೀರಿಯಲ್ ಸೆಟ್ ಹಾಕಲು ಶಿವಶಂಕರನಿಗೆ ಮೊದಲ ಸಲ ಕರೆ ಬಂದಿತ್ತು. ಏಣಿ ಮೇಲಿಂದ ಬಗ್ಗಿ ನೋಡುತ್ತಾನೆ: ತಾಯಿ ಇದ್ದಾಳೆ, ತಂದೆ ಇದ್ದಾನೆ, ಹಸು, ಕತ್ತೆ, ಕುರಿ ಎಲ್ಲ ಇವೆ, ನಡುವಿನ ಹುಲ್ಲಿನ ತೊಟ್ಟಿಲು ಮಾತ್ರ ಖಾಲಿ.

"ಅಯ್ಯೋ, ಮಗೂನ ಯಾರೋ ಕದ್ದವ್ರೆ ಕಣ್ರಪ್ಪೋ!"

ಜಪಕ್ಕೆ ಕೂತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವನು ದಡದಡ ಇಳಿದು ಬಂದು ಬಾಗಿಲಿಗೆ ಅಡ್ಡ ನಿಂತು, "ಯಾರೂ ಆಚೆ ಓಗ್ಬೇಡಿ" ಎಂದೂ ಹೇಳಿದ.

ಹಿಂದಿನ ಸಾಲಿನಲ್ಲಿದ್ದ ಅವನ ಪಕ್ಕದ ಮನೆಯ ಆರೋಗ್ಯಮ್ಮ ಜಪಮಾಲೆಯಿಂದ ತಲೆ ಎತ್ತಿದಳು.

"ಇನ್ನೂ ಉಟ್ಟಿಲ್ಲ ಕಣಪ್ಪ. ಬಾಗ್ಲು ಬುಡು."

ಮಗುವನ್ನು ತೊಟ್ಟಿಲಿಗೆ ಇಡುವುದು ಹಬ್ಬದ ಹಿಂದಿನ ರಾತ್ರಿಯ ಪೂಜೆಯಲ್ಲಂತೆ. ಅದಕ್ಕೆ ಮುಂಚಿನ ನಾಲ್ಕು ಭಾನುವಾರ ಆಗಮನ ಕಾಲ. ವಾರಕ್ಕೊಂದು ಮೇಣದಬತ್ತಿ ಹಚ್ಚಿ ಸುಮ್ಮನೆ ಕಾಯುವುದು. ಕಾಯುವುದಕ್ಕೂ ಒಂದು ಕಾಲ ಇಟ್ಟುಕೊಂಡ ಜನರನ್ನು ಶಿವಶಂಕರ ಕಂಡಿರಲಿಲ್ಲ. ಅವನು ಕುಕ್ಕರು ತಣ್ಣಗಾಗುವ ಮೊದಲೇ ಮುಚ್ಚಳಕ್ಕೆ ಕೈ ಹಾಕುವವನು. "ನಮ್ ಮದ್ವೇಲೂ ಐನೋರು ಮಂತ್ರ ಮುಗಿಸೋಕ್ಮುಂಚೆ ಇವ್ರು ತಾಳಿ ಎತ್ಕೊಂಡೋರು" ಎಂದು ಹೆಂಡತಿ ಪ್ರಮೀಳಾ ಈಗಲೂ ಹೇಳುತ್ತಾಳೆ.

ಆರೋಗ್ಯಮ್ಮನ ರೀತಿಯೇ ಬೇರೆ. ಸರ್ಕಲ್ಲಿನಲ್ಲಿ ಸೊಪ್ಪು ಮಾರುವ ಅವಳು ಬಸ್ಸಿನ ಹಿಂದೆ ಓಡಿದ್ದನ್ನು ಕಂಡವರಿಲ್ಲ. ಊರೆಲ್ಲ ಓಡಿ ಹತ್ತಿದ ಮೇಲೆ, "ಇನ್ನೊಂದು ಬತ್ತದೆ ಬುಡು" ಎಂದು ಎಲೆಅಡಿಕೆಗೆ ಸುಣ್ಣ ಹಚ್ಚುತ್ತಾಳೆ. ಇನ್ನೊಂದು ಬರುತ್ತದೆ. ಅದರಲ್ಲಿ ಸೀಟೂ ಇರುತ್ತದೆ. ಶಿವಶಂಕರನ ಹೊಟ್ಟೆ ಉರಿಸುತ್ತಿದ್ದುದೇ ಆ ಸೀಟು.

ಗೋದಲಿಯ ಮುಂದಿನ ಹೊಲ ಅವಳದು. ತಟ್ಟೆಗಳಲ್ಲಿ ಮಣ್ಣು ತುಂಬಿ, ರಾಗಿ ಚೆಲ್ಲಿ, ಹಬ್ಬದ ಹೊತ್ತಿಗೆ ಹಸಿರು ಮಾಡಿ ತಂದು ಜೋಡಿಸುವುದು. ಸೊಸೆಯಾಗಿ ಬಂದ ವರ್ಷ ಅತ್ತೆ ಒಪ್ಪಿಸಿದ ಕೆಲಸ. ಅತ್ತೆ ಕೊಟ್ಟ ಆಸ್ತಿ ಅದೊಂದೇ. ಈ ವರ್ಷ ಅದಕ್ಕೂ ಕುತ್ತು ಬಂದಿತ್ತು. ಗೋದಲಿ ಉಸ್ತುವಾರಿಯ ಚೌರಪ್ಪ ಮೈಸೂರಿನಿಂದ ಪ್ಲಾಸ್ಟಿಕ್ ಹುಲ್ಲಿನ ಹಾಸಿನ ಸುರುಳಿ ತಂದು ನಿಲ್ಲಿಸಿಕೊಂಡಿದ್ದ. "ಇಪ್ಪತ್ನಾಕ್ನೇ ತಾರೀಕು ಮಧ್ಯಾಹ್ನಕ್ಕೆ ಅಸಿರು ಕಂಡ್ರೆ ನಿನ್ ರಾಗಿ, ಇಲ್ದಿದ್ರೆ ಇದನ್ನೇ ಆಸೋದು ಕಣಕ್ಕ. ಒಂದ್ಸಲ ಪ್ಲಾಸ್ಟಿಕ್ ಕೂತ್ರೆ ಮುಂದ್ಕೂ ಅದೇಯ."

"ಆಗ್ಲಿ" ಎಂದಳು ಆರೋಗ್ಯಮ್ಮ.

ಮೂರನೇ ಭಾನುವಾರ ರಾಗಿ ಚೆಲ್ಲಿ, ತಟ್ಟೆಗಳನ್ನು ಜಗಲಿಯಲ್ಲಿಟ್ಟು, ತಂಗಿ ಮನೆಗೆಂದು ಕೆ.ಆರ್. ನಗರಕ್ಕೆ ಹೊರಟಳು. "ಒಸಿ ನೀರು ಚಿಮುಕ್ಸು, ಸಾಕು" ಎಂದು ಶಿವಶಂಕರನಿಗೆ ಹೇಳಿದ್ದಳು. ಸಾಕು ಎಂಬ ಮಾತು ಅವನ ಕಿವಿಗೆ ಬೀಳಲಿಲ್ಲ. ಮೋಡ ಕವಿದಿತ್ತು, ಚಳಿಯಿತ್ತು, ಪ್ಲಾಸ್ಟಿಕ್ ಹಾಸು ಕಣ್ಣಮುಂದೆಯೇ ಸುರುಳಿ ಬಿಚ್ಚುತ್ತಿತ್ತು. ತಟ್ಟೆಗಳನ್ನು ತನ್ನ ಮನೆಯ ಒಳಕೋಣೆಗೆ ಸಾಗಿಸಿ, ಕಿಟಕಿ ಮುಚ್ಚಿ, ಮೇಲೆ ನೂರು ವ್ಯಾಟಿನ ಬಲ್ಬು ಇಳಿಬಿಟ್ಟ. ಎರಡನೇ ಬೆಳಿಗ್ಗೆ ಮೊಳಕೆ ಎದ್ದಿತ್ತು. ಮಾರನೆಯ ದಿನ ಗೇಣುದ್ದವಾಗುವ ಲಕ್ಷಣ. ಶಿವಶಂಕರ ಹೆಂಡತಿಯನ್ನು ಕರೆದು ತೋರಿಸಿದ, ಫೋಟೋ ತೆಗೆದ, ರಾಗಿಯ ವಿಷಯದಲ್ಲಿ ಸರ್ಕಾರ ತನ್ನ ಸಲಹೆ ಕೇಳಬಹುದೆಂದೂ ಯೋಚಿಸಿದ. ಆಮೇಲೆ ಬೆಳೆ ಬಿಳಿ ಶಾವಿಗೆಯ ಹಾಗೆ ಒಂದೇ ಮಗ್ಗುಲಿಗೆ ಮಲಗಿಬಿಟ್ಟಿತು.

ಆರೋಗ್ಯಮ್ಮ ಬಂದು ತಟ್ಟೆ ನೋಡಿದಳು, ಬಲ್ಬು ನೋಡಿದಳು.

"ಚಳಿ ಆಯ್ತದೆ ಅಂತ..." ಎಂದ ಶಿವಶಂಕರ.

"ಸ್ವೆಟರ್ ಆಕ್ಬೇಕಿತ್ತು."

ಶಾವಿಗೆಯನ್ನೆಲ್ಲ ಕೆರೆದು ಕೋಳಿಗೆ ಹಾಕಿದಳು. ಬೇರೆ ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಮತ್ತೆ ಮಣ್ಣಿಗೆ ಚೆಲ್ಲಿದಳು. ತಟ್ಟೆಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, "ಇದನ್ನ ಮುಟ್ಬೇಡ. ನೀರೂ ನಾನೇ ಆಕ್ತೀನಿ. ನೀನು ಸುಮ್ಕಿರು, ಅದೇ ನಿನ್ ಕೆಲ್ಸ" ಎಂದಳು.

ಶಿವಶಂಕರ ಇಷ್ಟು ಕಷ್ಟದ ಕೆಲಸ ಜೀವಮಾನದಲ್ಲಿ ಮಾಡಿರಲಿಲ್ಲ. ಕಂಬ ಹತ್ತಿದ್ದಾನೆ, ಶಾಕ್ ಹೊಡೆಸಿಕೊಂಡಿದ್ದಾನೆ. ಆದರೆ ಗೋಣಿಚೀಲದ ಮುಂದೆ ಕೈ ಕಟ್ಟಿ ಕೂರುವುದೆಂದರೆ! ಒಮ್ಮೆ ಚೀಲದ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದೂ ಆಗಿತ್ತು. ಒಳಗೆ ಏನೋ ಆಗುತ್ತಿದೆ, ಅದಕ್ಕೆ ತನ್ನ ಅವಶ್ಯಕತೆಯೇ ಇಲ್ಲ ಎನ್ನುವುದು ಅವನಿಗೆ ಮೊದಲು ಅವಮಾನವೆನಿಸಿತು; ಸ್ವಲ್ಪ ಹೊತ್ತಿನ ಮೇಲೆ, ವಿಚಿತ್ರವಾಗಿ, ಹಗುರವೆನಿಸಿತು. ಬೆರಳು ಬಿಟ್ಟ.

"ಅಕ್ಕ, ಈ ಸಲ ಬತ್ತದಾ?" ಎಂದು ಮಾತ್ರ ಕೇಳಿದ.

"ಯಾವಾಗ ಮೊಳೀಬೇಕು ಅಂತ ದೇವ್ರು ಅದರ ಕಿವೀಲಿ ಏಳಿರ್ತಾನೆ. ನಮ್ಗೆ ಏಳಿಲ್ಲ, ಅಷ್ಟೆ."

ಅವಳೇ ಚೀಲ ಎತ್ತಿದ ಬೆಳಿಗ್ಗೆ ಮಣ್ಣಿನ ತುಂಬ ಸೂಜಿಮೊನೆಗಳು. ಮೋಡ ಸರಿದು ಬಿಸಿಲೂ ಬಂತು. ಆ ಮೇಲಿನ ದಿನಗಳಲ್ಲಿ ಶಿವಶಂಕರ ಹಲ್ಲುಜ್ಜುತ್ತಿದ್ದುದು ತಟ್ಟೆಗಳ ಮುಂದೆ ನಿಂತೇ. ಸರ್ಕಲ್ಲಿನ ಚಹಾದಂಗಡಿಯಲ್ಲಿ ಜನ ಅವನಲ್ಲಿ ರಾಗಿಯನ್ನು ವಿಚಾರಿಸತೊಡಗಿದರು, ಬಾಣಂತಿಯನ್ನು ವಿಚಾರಿಸುವ ಹಾಗೆ.

ಇಪ್ಪತ್ತನಾಲ್ಕರ ಮಧ್ಯಾಹ್ನ ತಟ್ಟೆಗಳು ಚರ್ಚಿಗೆ ಬಂದವು. ಬೆಳೆ ಎತ್ತರವೇನಿಲ್ಲ, ಮುಡಿ ಕೊಟ್ಟು ಬಂದವರ ತಲೆ ಒಂದು ವಾರಕ್ಕೆ ಚಿಗುರಿದಷ್ಟು. ಆದರೆ ಹಸಿರು. ಚೌರಪ್ಪ ಬಗ್ಗಿ ಅಂಗೈಯಲ್ಲಿ ಸವರಿದ. ಪ್ಲಾಸ್ಟಿಕ್ ಹಾಸನ್ನು ಹೆಗಲಿಗೇರಿಸಿಕೊಂಡು ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ಹಾಸಿ ಬಂದ.

ಶಿವಶಂಕರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೋದಲಿಯ ಮೇಲಿನ ನಕ್ಷತ್ರದ ದೀಪ ಹಾಕಿದ, ಆರಿಸಿದ, ಮತ್ತೆ ಹಾಕಿದ. ರಾಗಿಹೊಲದಾಚೆ ತೊಟ್ಟಿಲು ಇನ್ನೂ ಖಾಲಿ.

"ಅಕ್ಕ, ಒಲ ಆಯ್ತು, ಲೈಟಾಯ್ತು. ಇನ್ನ್ ಯಾವಾಗ ಉಟ್ಟೋದು?"

ಆರೋಗ್ಯಮ್ಮ ಕೊನೆಯ ತಟ್ಟೆಯನ್ನು ಸರಿಯಾಗಿ ಕೂರಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ನೀನು ಸ್ವಿಚ್ಚಿನ ಮ್ಯಾಲಿಂದ ಕೈ ತಗುದ್ಮೇಲೆ."