ಕಾಲುವೆಗಲ್ಲು ಮತ್ತು ಬ್ಯಾಟರಿ ಕಾರು

“ಹಾಲುತುಪ್ಪದ ದಿನ ಸತ್ತವನೇ ಕಾರು ಓಡಿಸಿಕೊಂಡು ತನ್ನ ಸಮಾಧಿಗೆ ಬಂದ. ಸೀಟಿನಲ್ಲಿ ಯಾರೂ ಇರಲಿಲ್ಲ, ಸದ್ದೂ ಇರಲಿಲ್ಲ. ಬಂದು, ನಿಂತು, ನೋಡಿದ.”

ಹನಗೋಡಿನ ಆಸುಪಾಸಿನಲ್ಲಿ ಈ ಮಾತು ಇಂದಿಗೂ ಬಳಕೆಯಲ್ಲಿದೆ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬ ಇದನ್ನು ನನಗೇ ಹೇಳಿದ್ದುಂಟು; ಅವನ ಪ್ರಕಾರ ಕಾರು ಎರಡು ಸಲ ಹಾರ್ನ್ ಕೂಡ ಹೊಡೆಯಿತು. ಹಾರ್ನ್ ಹೊಡೆಯಲಿಲ್ಲ. ಕಾರು ಬಂದದ್ದು, ಸೀಟು ಖಾಲಿಯಿದ್ದದ್ದು, ಸದ್ದಿಲ್ಲದ್ದು ಎಲ್ಲವೂ ನಿಜ. ನಾನು ಅಲ್ಲಿದ್ದೆ. ಅದನ್ನು ತಂದವರು ಯಾರು ಎಂಬುದಷ್ಟೇ ನನ್ನ ತಕರಾರು.

ಸತ್ತವನು ನನ್ನ ತಂಗಿಯ ಗಂಡ. ಬೀಚನಹಳ್ಳಿ ಅಣೆಕಟ್ಟಿನಲ್ಲಿ ನೀರಾವರಿ ಎಂಜಿನಿಯರಾಗಿದ್ದು, ನಿವೃತ್ತನಾದ ಮೇಲೆ ಹನಗೋಡಿನ ಬಳಿ ತನ್ನ ಮನೆತನದ ಜಮೀನಿನಲ್ಲಿ ಬಂದು ನೆಲೆಸಿದ್ದ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಬೆಂಗಳೂರಿನಿಂದ ಒಂದು ಬ್ಯಾಟರಿ ಕಾರು ತಂದ. ಎರಡೇ ಬಾಗಿಲು, ಮುಂದೆ ಇಬ್ಬರಿಗೆ ಜಾಗ. “ಪೆಟ್ರೋಲ್ ಬೇಡವಂತೆ, ಖರ್ಚೇ ಇಲ್ಲವಂತೆ” ಎಂದು ಊರು ಬೆರಗಾಯಿತು. ಅದೂ ಸುಳ್ಳೇ. ತೆರಿಗೆಯ ರಿಯಾಯಿತಿ ಕಳೆದ ಮೇಲೂ ಅದರ ಬೆಲೆ ಪೆಟ್ರೋಲಿನ ಸಣ್ಣ ಕಾರಿಗಿಂತ ಮೇಲಿತ್ತು. ಕರೆಂಟಿಗೆ ಆಗುತ್ತಿದ್ದ ಖರ್ಚು ಅಲ್ಪ, ಒಪ್ಪುತ್ತೇನೆ. ಆದರೆ ಸೀಟಿನಡಿಯ ಸೀಸದ ಬ್ಯಾಟರಿಗಳು ಮೂರು ವರ್ಷ ಬಾಳಿದರೆ ಹೆಚ್ಚು. ಹೊಸತು ಹಾಕಿಸುವಾಗ ಅದುವರೆಗೆ ಪೆಟ್ರೋಲಿನಲ್ಲಿ ಉಳಿಸಿದ್ದೆಲ್ಲ ಒಂದೇ ಸಲಕ್ಕೆ ಹೋಗುತ್ತದೆ. ಈ ಲೆಕ್ಕ ಅವನಿಗೆ ತಿಳಿದಿತ್ತು. “ನಂಗೆ ಬೇಕಾಗಿರೋದು ಉಳಿತಾಯ ಅಲ್ಲ ಬಾವ, ಸದ್ದಿಲ್ಲದಿರೋದು” ಎನ್ನುತ್ತಿದ್ದ. ಅಣೆಕಟ್ಟಿನ ಯಂತ್ರಗಳ ಮೊರೆತದಲ್ಲಿ ಅವನ ಒಂದು ಕಿವಿ ಮಂದವಾಗಿತ್ತು.

ಕಾರನ್ನು ಅವನು ತಂಗಿಯ ಹೆಸರಿನಲ್ಲಿ ಕೊಂಡಿದ್ದ. ಜಮೀನು, ಮನೆ ಎರಡೂ ಅಣ್ಣತಮ್ಮಂದಿರ ಒಟ್ಟು ಆಸ್ತಿ. ಹೀಗಾಗಿ ಅವನು ಹೃದಯ ನಿಂತು ಜಗಲಿಯ ಮೇಲೆ ಕೂತಲ್ಲೇ ಹೋದಾಗ, ಲೋಕದಲ್ಲಿ ನನ್ನ ತಂಗಿಯದು ಎಂದು ಹೇಳಬಹುದಾದ ವಸ್ತು ಆ ಕಾರೊಂದೇ.

ಹೊಲದ ಕೆಳಗಂಚಿನಲ್ಲಿ, ಕಾಲುವೆಯ ಏರಿಯ ಪಕ್ಕ ಮಣ್ಣು ಮಾಡಿದೆವು. ಮೂರನೆಯ ದಿನ ಬೆಳಿಗ್ಗೆ ಹಾಲುತುಪ್ಪ. ಲಕ್ಷ್ಮಣತೀರ್ಥದ ಕಡೆಯಿಂದ ಎದ್ದ ಮಂಜು ಹೊಗೆಸೊಪ್ಪಿನ ಗಿಡಗಳ ನೆತ್ತಿಯವರೆಗೆ ತುಂಬಿತ್ತು. ಹಸಿ ಮಣ್ಣಿನ ಮೇಲೆ ತಂಗಿ ಹಾಲು ಎರೆಯುತ್ತಿದ್ದಳು. ಎಲ್ಲರೂ ತಲೆ ತಗ್ಗಿಸಿದ್ದೆವು. ನಾನು ತಲೆಯೆತ್ತಿದ್ದು ಸದ್ದು ಕೇಳಿ ಅಲ್ಲ. ಎದುರು ನಿಂತವನ ಮುಖ ಬಿಳಿಚಿಕೊಂಡದ್ದನ್ನು ಕಂಡು. ತಿರುಗಿದೆ. ಮಂಜಿನೊಳಗಿಂದ ಆ ಕಾರು, ನಡೆದು ಬರುವ ಮನುಷ್ಯನ ವೇಗದಲ್ಲಿ, ನೇರವಾಗಿ ನಮ್ಮ ಕಡೆಗೆ ಬರುತ್ತಿತ್ತು. ಕಲ್ಲು ಕಚ್ಚಿದ ಸದ್ದಿಲ್ಲ, ಉಸಿರಿನ ಸದ್ದಿಲ್ಲ. ಗಾಜಿನ ಹಿಂದೆ ಯಾರೂ ಇಲ್ಲ. ಸಮಾಧಿಗೆ ಹತ್ತು ಮಾರು ದೂರದಲ್ಲಿ ಅದು ನಿಧಾನವಾಯಿತು, ಒಂದು ಗೇಣು ಹಿಂದಕ್ಕೆ ಸರಿಯಿತು, ನಿಂತಿತು.

ಕೀಲಿ ನನ್ನ ಜೇಬಿನಲ್ಲಿತ್ತು. ಅದನ್ನು ಮುಟ್ಟಿ ನೋಡಿಕೊಂಡೆ. ತಣ್ಣಗಿತ್ತು.

ತಂಗಿ ಕೂಗಲಿಲ್ಲ, ಅಳಲಿಲ್ಲ. ಹಾಲಿನ ಚೊಂಬನ್ನು ಹಿಡಿದುಕೊಂಡೇ, “ಅಣ್ಣ, ಅವ್ರು ಏನೋ ಕೇಳಕ್ಕೆ ಬಂದವ್ರೆ. ಏನು ಅಂತ ನೋಡು” ಎಂದಳು.

ಅಂದಿನಿಂದ ಅವಳು ಕಾರಿನ ಬಳಿ ಸುಳಿಯಲಿಲ್ಲ, ಬೇರೆಯವರನ್ನೂ ಬಿಡಲಿಲ್ಲ. ಅಂಥ ಕಾರನ್ನು ಚಾರ್ಜಿಗೆ ಹಾಕದೆ, ಬ್ಯಾಟರಿಗೆ ನೀರು ತುಂಬದೆ ಬಿಟ್ಟರೆ ಅದು ನಿಂತಲ್ಲೇ ಸಾಯುತ್ತದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಒಳ್ಳೆಯ ಬೆಲೆಗೆ ಕೇಳಿಕೊಂಡು ಬಂದ. ಹನಗೋಡಿನ ಹೋಟೆಲಿನಲ್ಲಿ ಟೀ ಕುಡಿಯಲು ಇಳಿದವನು ದೆವ್ವದ ಕಥೆ ಕೇಳಿ ಅಲ್ಲಿಂದಲೇ ಹಿಂದಿರುಗಿದ. ಆಗ ಸತ್ತವನ ಅಣ್ಣ ಬಾಯಿ ತೆರೆದ.

“ಗಾಳಿ ಹಿಡಿದ ಗಾಡಿ ಕಣವ್ವ. ಗುಜರಿ ರೇಟಿಗೆ ನಾನೇ ತಕ್ಕತೀನಿ. ಮನೆ ಮರ್ವಾದೆ ಉಳೀಲಿ.”

“ಗಾಳಿ ಹಿಡಿದದ್ದು ನಿಮಗೆ ಹಿಡಿಯೋದಿಲ್ಲವೇ?” ಎಂದು ಕೇಳಿದೆ.

“ನಾನು ಅವನ ಅಣ್ಣ ಕಣ್ರೀ. ನಂಗೇನ್ ಮಾಡಾನು?”

ನನಗೆ ಉಳಿದದ್ದು ಒಂದು ಹಟ. ಆ ಕಾರನ್ನು ಕೊನೆಯದಾಗಿ ಓಡಿಸಿದವನು ನಾನು. ಹಾಲುತುಪ್ಪದ ಹಿಂದಿನ ದಿನ ಸಾಮಾನು ತಂದು, ಹಿತ್ತಿಲ ಇಳಿಜಾರಿನಲ್ಲಿ ನಿಲ್ಲಿಸಿದ್ದೆ. ನಮ್ಮ ಕಡೆ ಜೀಪು ಓಡಿಸಿದ ಯಾರೂ ಹ್ಯಾಂಡ್‌ಬ್ರೇಕನ್ನು ನಂಬುವುದಿಲ್ಲ. ಕಾಡಿನ ಕೆಸರಿನಲ್ಲಿ ಅದರ ಕೇಬಲ್ಲು ಮೊದಲು ಕೊಳೆಯುತ್ತದೆ. ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಇಳಿಯುತ್ತೇವೆ. ಕಾಕನಕೋಟೆಯ ರಸ್ತೆಯಲ್ಲಿ ಮೂವತ್ತು ವರ್ಷ ಜೀಪು ನಡೆಸಿದ ಕೈ ನನ್ನದು. ಅಂದೂ ಹಾಗೆಯೇ, ಆ ಕಾರಿನಲ್ಲಿ ಗೇರಿನ ಕೋಲಿನ ಬದಲು ಇದ್ದ ಗುಂಡಿಯನ್ನು ಮುಂದಿನ ಗೇರಿಗೆ ತಿರುಗಿಸಿಟ್ಟು, ಭಾವಮೈದುನ ಯಾವಾಗಲೂ ಬಳಸುತ್ತಿದ್ದ ಕಲ್ಲನ್ನೇ ಚಕ್ರಕ್ಕೆ ಕೊಟ್ಟಿದ್ದೆ. ಅದು ನೀರಾವರಿ ಇಲಾಖೆಯವರು ದೂರದ ಗುರುತಿಗೆ ಏರಿಯುದ್ದಕ್ಕೂ ನೆಡುವ ಕಾಲುವೆಗಲ್ಲಿನ ಮುರಿದ ತುಂಡು. ಮೇಲೆ ಏಳು ಎಂಬ ಅಂಕಿ ಕೊರೆದಿತ್ತು.

ಕಾರಿನ ಇಂಗ್ಲಿಷ್ ಕೈಪಿಡಿಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ದಿನ ಓದಿದೆ. ಶಾಲೆಯಲ್ಲಿ ನಾಲ್ಕನೆಯ ತರಗತಿ ದಾಟದವನಿಗೆ ಅದೇ ದಾರಿ. ಜೀಪು ಗೇರಿನಲ್ಲಿದ್ದರೆ ಎಂಜಿನ್ನು ಚಕ್ರವನ್ನು ಹಿಡಿದುಕೊಳ್ಳುತ್ತದೆ. ಇದರಲ್ಲಿ ಹಿಡಿಯಲು ಎಂಜಿನ್ನೇ ಇಲ್ಲ; ಗುಂಡಿ ಯಾವ ಕಡೆಗಿದ್ದರೂ ಚಕ್ರ ಸ್ವತಂತ್ರ. ಹಾಗಾದರೆ ಆ ಕಾರನ್ನು ಒಂದು ರಾತ್ರಿ ತಡೆದಿದ್ದದ್ದು ಕಲ್ಲು ಮಾತ್ರ. ಕಲ್ಲು ಎಲ್ಲಿ?

ಹಿತ್ತಿಲಲ್ಲಿ ಇರಲಿಲ್ಲ. ಜಾಡಿನುದ್ದಕ್ಕೂ ಹುಡುಕಿದೆ, ಇರಲಿಲ್ಲ. ನಿಜ ಹೇಳಬೇಕೆಂದರೆ, ಆ ಬರಿದಾದ ಜಾಗವನ್ನು ನೋಡುತ್ತ ನಿಂತಾಗ ಮಟಮಟ ಮಧ್ಯಾಹ್ನದಲ್ಲೂ ನನ್ನ ಬೆನ್ನು ತಣ್ಣಗಾಯಿತು. ಕಾರು ತಾನೇ ಇಳಿಯಬಹುದು. ಕಲ್ಲು ತಾನೇ ಎದ್ದು ಹೋಗುವುದಿಲ್ಲ.

ಉತ್ತರ ಕೊಟ್ಟವಳು ಹಾಲುತುಪ್ಪದ ಅಡುಗೆಗೆ ಬಂದಿದ್ದ ಮುದುಕಿ. ನಾವೆಲ್ಲ ಹೊಲಕ್ಕೆ ಇಳಿದಾಗ ಮನೆಯಲ್ಲಿ ಉಳಿದವಳು ಅವಳೊಬ್ಬಳೇ.

“ಒಲೆ ಹೂಡಕ್ಕೆ ಮೂರನೇ ಕಲ್ಲು ಸಿಕ್ಕಿರಲಿಲ್ಲ ಕಣಪ್ಪ. ಕಾರಿನ ಚಕ್ರದಡಿ ಒಂದಿತ್ತು, ಎಳಕೊಂಡೆ.”

“ಕಾರು ಹೋದದ್ದು ಗೊತ್ತಾಗಲಿಲ್ಲವೇನಮ್ಮ?”

“ಎದ್ದು ಓಗಕ್ಕೆ ಅದೇನು ಎಮ್ಮೆನಾ? ಸದ್ದು ಮಾಡಿದ್ರೆ ತಾನೆ ತಿರುಗಿ ನೋಡಾದು! ನಾನು ಒಲೆ ಊದ್ತಾ ಕೂತಿದ್ದೆ.”

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಕಾರ್ ಯಾರು ತಂದ್ರು ಅಂತ ಎಲ್ಲಾರೂ ಕೇಳುದ್ರು. ಕಲ್ಲು ಯಾರು ತಗುದ್ರು ಅಂತ ನೀನೊಬ್ಬನೇ ಕೇಳಿದ್ದು.”

ಸೂತಕದ ಒಲೆಯ ಕಲ್ಲುಗಳನ್ನು ಆ ಮನೆಯಲ್ಲಿ ಮತ್ತೆ ಬಳಸುವುದಿಲ್ಲ. ಅಡುಗೆಯಾದ ಮೇಲೆ ಬೇಲಿಯಾಚೆ ಎಸೆಯುತ್ತಾರೆ, ಯಾರೂ ಮುಟ್ಟುವುದಿಲ್ಲ. ನಾನು ಮುಟ್ಟಿದೆ. ಲಂಟಾನದ ಪೊದೆಯಲ್ಲಿ ಮೂರು ಮಸಿಗಲ್ಲುಗಳು ಬಿದ್ದಿದ್ದವು. ಒಂದರ ಮಸಿಯನ್ನು ಬೆರಳಿನಿಂದ ಒರೆಸಿದಾಗ ಏಳು ಕಾಣಿಸಿತು.

ವ್ಯಾಪಾರಿಯನ್ನು ಮತ್ತೆ ಕರೆಸಿದೆ. ಸತ್ತವನ ಅಣ್ಣನನ್ನೂ ತಂಗಿಯನ್ನೂ ಸಮಾಧಿಯ ಬಳಿ ನಿಲ್ಲಿಸಿದೆ. ಹಾಡುಹಗಲಲ್ಲಿ, ತಂಗಿಯನ್ನು ಒಪ್ಪಿಸಿ ಕಾರನ್ನು ಹಿತ್ತಿಲ ಇಳಿಜಾರಿಗೆ ತಳ್ಳಿಸಿ, ಅದೇ ಜಾಗದಲ್ಲಿ ಚಕ್ರಕ್ಕೆ ಅದೇ ಕಲ್ಲು ಕೊಟ್ಟು, ಅದನ್ನು ಎಳೆದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅದು ಹೊರಟಿತು. ಬಲಗಡೆಯ ಚಕ್ರಗಳು ಟ್ರಾಕ್ಟರಿನ ಜಾಡಿಗೆ ಇಳಿದವು. ಜಾಡು ಹೋಗುವುದು ಕಾಲುವೆಯ ಏರಿಗೆ. ಅಲ್ಲಿ ನೆಲ ಮೇಲಕ್ಕೇಳುತ್ತದೆ. ಕಾರು ನಿಧಾನವಾಯಿತು, ಗೇಣು ಹಿಂದೆ ಸರಿಯಿತು, ಹತ್ತು ಮಾರು ದೂರದಲ್ಲಿ ನಿಂತಿತು.

ಕಾರಣ ಅಷ್ಟೂ ನನಗೆ ಗೊತ್ತಿತ್ತು. ಆದರೂ ಆ ಖಾಲಿ ಸೀಟು ನನ್ನನ್ನು ದಾಟುವಾಗ ನಾನು ಒಂದು ಹೆಜ್ಜೆ ಸರಿದು ದಾರಿ ಬಿಟ್ಟೆ. ಏಕೆಂದು ಇಂದಿಗೂ ಹೇಳಲಾರೆ.

ಸತ್ತವನ ಅಣ್ಣ ಮನೆಗೆ ನಡೆದ. ವ್ಯಾಪಾರಿ ಬ್ಯಾಟರಿ ಹಳತಾದದ್ದಕ್ಕೆ ಬೆಲೆ ಇಳಿಸಿದನೇ ಹೊರತು ದೆವ್ವಕ್ಕೆಂದು ಇಳಿಸಲಿಲ್ಲ. ತಂಗಿ ಕಾರಿನ ಕಡೆಯಿಂದ ನನ್ನ ಕಡೆಗೆ ತಿರುಗಿದಳು.

“ಹಂಗಾರೆ ಅವ್ರು ಏನೂ ಕೇಳಕ್ಕೆ ಬಂದಿರಲಿಲ್ಲ.”

“ಇಲ್ಲ ಕಣಮ್ಮ. ತಪ್ಪು ನನ್ನದು. ಬ್ರೇಕು ಹಾಕಲಿಲ್ಲ.”

“ಸರಿ,” ಎಂದಳು. ಆಮೇಲೆ, ಮೆಲ್ಲಗೆ: “ಬಂದಿದ್ರೂ ಆಗ್ತಿತ್ತು.”

ಕಾರಿನ ಹಣ ಬಂದದ್ದು ಅವಳ ಹೆಸರಿಗೇ. ಮುದುಕಿ ಈಗಿಲ್ಲ. ಕಲ್ಲು ಇದೆ. ಹಿತ್ತಿಲ ಇಳಿಜಾರಿನ ತಲೆಯಲ್ಲಿ ಅರ್ಧ ಹೂತು ನಿಲ್ಲಿಸಿದ್ದೇನೆ. ನನ್ನ ಮಾತು ನಂಬಬೇಕಿಲ್ಲ, ಹೋಗಿ ನೋಡಿ: ಒಂದು ಮಗ್ಗುಲಲ್ಲಿ ಟೈರು ಒತ್ತಿದ ಕರಿ ಪಟ್ಟಿ, ಇನ್ನೊಂದು ಮಗ್ಗುಲಲ್ಲಿ ಒಲೆಯ ಮಸಿ, ನಡುವೆ ಏಳು.