ಅಕ್ಕಿಯಲ್ಲಿ ಬರೆದ ಹೆಸರು

ನಮ್ಮ ಕಾಲೇಜಿನ ಒಣಗಿಡಗಳ ಕಪಾಟಿನಲ್ಲಿ ಗಿಡಗಳಿಗಿಂತ ಸಾಹೇಬರೇ ಹೆಚ್ಚು. ಗಿಡಗಳನ್ನು ಹಾಳೆಗೆ ಅಂಟಿಸಿ, ಕೆಳಗೆ ಲ್ಯಾಟಿನ್ ಹೆಸರು ಬರೆಯುವುದು ನನ್ನ ನೌಕರಿ. ಕಲೆಕ್ಟರರು, ಕರ್ನಲ್ಲರು, ಪಾದ್ರಿಗಳು, ಎಲ್ಲರೂ ಯಾವುದೋ ಹುಲ್ಲಿಗೋ ಮುಳ್ಳುಕಂಟಿಗೋ ಜೋತುಬಿದ್ದು ಅಮರರಾಗಿದ್ದಾರೆ. ಗಂಡಸಿನ ಹೆಸರಾದರೆ ಕೊನೆಗೆ ‘ಇ’, ಹೆಂಗಸಿನದಾದರೆ ‘ಎ’ ಹಚ್ಚಬೇಕೆಂಬುದು ನಿಯಮ. ಮ್ಯಾಟ್ರಿಕ್ ದಾಟದ ನನಗೆ ಬರುವ ಲ್ಯಾಟಿನ್ ಇಷ್ಟೇ. ಆದರೂ ಸದಾಶಿವ ಪೇಠೆಯ ನಮ್ಮ ವಾಡೆಯ ವಠಾರದಲ್ಲಿ ಪಂಡಿತನ ಗತ್ತಿನಿಂದ ಓಡಾಡಿ, ನೆರೆಯವರ ತುಳಸಿಗೂ ಅವರು ಕೇಳದ ಲ್ಯಾಟಿನ್ ಹೆಸರು ಹೇಳಿದವನು ನಾನು. ‘ಎ’ ಹಚ್ಚಿದ ಹಾಳೆಗಳು ಕಪಾಟಿನಲ್ಲಿ ಎಷ್ಟು ಕಡಿಮೆಯೆಂಬುದನ್ನು ಮಾತ್ರ ಗಮನಿಸಿರಲಿಲ್ಲ.

ಹೋದ ಮಳೆಗಾಲದಲ್ಲಿ ವೇತಾಳ ಗುಡ್ಡದ ಬಂಡೆಯ ಮೇಲೆ ನನ್ನ ಹೆಂಡತಿ ಗೇಣುದ್ದದ ಹುಲ್ಲೊಂದನ್ನು ಕಂಡಳು. ಅಪರೂಪದ ಗಿಡ ಹುಡುಕುವ ಭರದಲ್ಲಿ ನಾನು ಅದರ ಮೇಲೆಯೇ ನಿಂತಿದ್ದೆ. “ಕಾಲು ತಗೀರಿ ಪಂಡಿತರ, ಅದಕ್ಕ ಹೂ ಬಂದದ” ಎಂದಳು. ಅದನ್ನೇ ಕಿತ್ತು ತಂದು, ಒಣಗಿಸಿ ಹಾಳೆಗೆ ಅಂಟಿಸಿದ್ದೆ. ದೀಪಾವಳಿಗೆ ಮೊದಲೇ ಜ್ವರ ಬಂದು, ಒಂಬತ್ತು ದಿನದಲ್ಲಿ ತೀರಿಕೊಂಡಳು. ಅಂದಿನಿಂದ ನಾನು ಒಂದು ಕಡೆ ಕೂತವನಲ್ಲ.

ಮೊನ್ನೆ ನಮ್ಮ ಪ್ರೊಫೆಸರರು, ಅವರೂ ನನ್ನಂತೆ ಧಾರವಾಡದ ಕಡೆಯವರೇ, ಭೂತಗನ್ನಡಿಯಿಂದ ತಲೆಯೆತ್ತಿದರು. “ರಾಘಪ್ಪ, ಈ ಹುಲ್ಲು ಹೊಸಾದ್ರಿ! ನಿಮ್ಮ ಹೆಸರ ಇಡೂಣೇನು?”

ಕಂಡವಳು ನನ್ನ ಹೆಂಡತಿ ಎಂದೆ.

“ಹಂಗಾದ್ರ ‘ಎ’ ಹಚ್ಚೂಣು. ಹೆಸರು ಹೇಳ್ರಿ. ನಾಳಿ ಟಪಾಲಿಗೆ ಹೋಗಬೇಕು. ಒಮ್ಮೆ ಅಚ್ಚಾತು ಅಂದ್ರ ಬ್ರಹ್ಮದೇವರು ಬಂದ್ರೂ ಬದಲಿ ಮಾಡಾಂಗಿಲ್ಲ.”

ನಾಳೆ ಹೇಳುವೆನೆಂದು ಹೊರಬಿದ್ದೆ. ಅವಳಿಗೆ ಎರಡು ಹೆಸರು. ತವರಿನದು ತುಂಗಾ. ಮದುವೆಯಲ್ಲಿ ನಮ್ಮವರ ಪದ್ಧತಿಯಂತೆ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ನಾನು ಬರೆದದ್ದು ಜಾನಕಿ. ರಾಘವನಿಗೆ ಜೋಡಿ ಕೂಡಬೇಕಲ್ಲ! ನಾನಿಟ್ಟ ಹೆಸರೇ ಉಳಿಯಲಿ ಎಂದುಕೊಳ್ಳುತ್ತ ಪರ್ವತಿ ಗುಡ್ಡದ ಮೆಟ್ಟಿಲು ಹತ್ತಿದೆ, ಇಳಿಯುವಾಗ ಮನಸ್ಸು ಒಪ್ಪಲಿಲ್ಲ, ಮತ್ತೆ ಹತ್ತಿದೆ.

ಮನೆಯಲ್ಲಿ ಅತ್ತೆ ಮೆಂತ್ಯಸೊಪ್ಪು ಸೋಸುತ್ತಿದ್ದರು. ಮಗಳ ಆರೈಕೆಗೆಂದು ಬೆಳಗಾವಿಯಿಂದ ಬಂದವರು ನನ್ನನ್ನು ಬಿಟ್ಟು ಹೋಗಲಾಗದೆ ಉಳಿದಿದ್ದಾರೆ. ಸಂಗತಿ ಹೇಳಿದೆ.

“ಜಾನಕಿ ಅಂತ ಹೆಸರಿಟ್ರಿ, ಖರೆ. ಹನ್ನೊಂದು ವರ್ಷದಾಗ ಒಂದ್ಸಲರೆ ಹಂಗ ಕರದೀರೇನು, ಅಳಿಯಂದ್ರ?”

ಕರೆದಿರಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಕೂಗುವುದು ನಮ್ಮ ಮನೆತನದಲ್ಲಿ ಅಸಭ್ಯ. ‘ಇಕಿ’, ‘ಕೇಳಸ್ತೇನು’, ಇಷ್ಟರಲ್ಲೇ ನಮ್ಮ ಸಂಸಾರ ನಡೆದಿತ್ತು. ಕೊನೆಯ ದಿನ ಜ್ವರದ ಮಂಪರಿನಲ್ಲಿ ಮಲಗಿದ್ದವಳ ಕಿವಿಯ ಹತ್ತಿರ ನಾನು ಕೇಳಿದ್ದೂ ‘ಕೇಳಸ್ತೇನು’ ಎಂದೇ. ಅವಳು ಅಲುಗಲಿಲ್ಲ. ತಾಯಿ ‘ತುಂಗಾ’ ಎಂದಾಗ ಕಣ್ಣು ಬಿಟ್ಟಳು.

“ನಿಮಗ ಬೇಕಾದ್ದು ಬರಸ್ರಿ,” ಎಂದರು ಅತ್ತೆ, ಸೊಪ್ಪಿನಿಂದ ಕಣ್ಣೆತ್ತದೆ. “ನಾ ಏನೂ ಅನ್ನಾಂಗಿಲ್ಲ.”

ಮರುದಿನ ಪ್ರೊಫೆಸರರು ಲೇಖನಿ ಹಿಡಿದು ಕಾದಿದ್ದರು. ಹೊಸ್ತಿಲಲ್ಲಿ ಯಾರೋ ನಿಂತು ಕೇಳುತ್ತಿರುವರೇನೋ ಎಂಬಂತೆ ನಾಚಿಕೆಯಾಯಿತು.

“ತುಂಗಾ” ಎಂದೆ.

“ಸಣ್ಣದನಿ ಆತು. ಇನ್ನೊಮ್ಮೆ ಹೇಳ್ರಿ.”

“ತುಂಗಾ.”

ಅವರು ಬರೆದುಕೊಂಡು, ಹೀರುಗಾಗದದಿಂದ ಮಸಿಯೊತ್ತಿ, ಲಕೋಟೆ ಮುಚ್ಚಿದರು. ನಾನು ಕಿಟಕಿಯ ಕಡೆ ತಿರುಗಿ, ಯಾರೂ ಕೇಳದಿದ್ದರೂ, ಮೂರನೆಯ ಸಲ ಕರೆದೆ.